ಸೈಟಿನ ಮೇಲಿಟ್ಟ ಕುಂಕುಮ

ಕೊರೊನಾ ಹಾವಳಿ ಇಳಿದ ಮರುವರ್ಷ ನಾನು ರಾಮನಗರದಲ್ಲಿ, ಪೊಲೀಸ್ ಇಲಾಖೆಯ ಒಂದು ಸಶಸ್ತ್ರ ತುಕಡಿಯಲ್ಲಿ ಆರ್ಮರರ್ ಆಗಿದ್ದೆ. ಎಎಸ್‌ಐ ಹುದ್ದೆ, ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ. ತುಕಡಿಯ ಹೆಸರು ಇಲ್ಲಿ ಬೇಡ. ತಪ್ಪು ಮಾಡಿದವನು ನಾನು, ತುಕಡಿಯಲ್ಲ. ಆರ್ಮರರ್ ಕೆಲಸವೆಂದರೆ ಆಯುಧಗಳನ್ನು ಬಿಚ್ಚುವುದು, ಒರೆಸುವುದು, ಎಣ್ಣೆ ಹಾಕುವುದು, ಸವೆದ ಭಾಗ ಬದಲಾಯಿಸುವುದು, ಕೊನೆಗೆ ರಿಜಿಸ್ಟರಿನಲ್ಲಿ ‘ಸುಸ್ಥಿತಿಯಲ್ಲಿದೆ’ ಎಂದು ಬರೆದು ಸಹಿ ಮಾಡುವುದು. ಮೂವತ್ತು ವರ್ಷ ಅದೇ ಪದ ಬರೆದಿದ್ದ ನನಗೆ ಬರೆಯುವಾಗ ಯೋಚಿಸುವ ಅಭ್ಯಾಸವೇ ತಪ್ಪಿಹೋಗಿತ್ತು.

ಆ ವರ್ಷ ಕೈದಿಗಳನ್ನು ಕೋರ್ಟಿಗೆ ಕರೆದೊಯ್ಯುವ ಎಸ್ಕಾರ್ಟ್ ತಂಡಕ್ಕೆಂದು ಆರು ಪಿಸ್ತೂಲುಗಳಿಗೆ ರೆಡ್ ಡಾಟ್ ಸೈಟ್ ಎಂಬ ಗುರಿ ಹಿಡಿಯುವ ಸಾಧನ ಕೂರಿಸಿ ನೋಡಬೇಕೆಂದು ಆದೇಶ ಬಂತು. ಹಳೆಯ ಪಿಸ್ತೂಲಿನಲ್ಲಿ ಹಿಂದಿನ ಕಚ್ಚು, ಮುಂದಿನ ಮೊನೆ, ಎದುರಿನ ಗುರಿ ಮೂರನ್ನೂ ಒಂದೇ ಗೆರೆಗೆ ತರಬೇಕು. ಇದರಲ್ಲಿ ಆ ತಾಪತ್ರಯವಿಲ್ಲ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಸಾಧನ. ಮುಂದುಗಡೆ ಚೌಕಟ್ಟಿನೊಳಗೆ ಒಂದು ಗಾಜು, ಹಿಂದುಗಡೆ ತಳದಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ದೀಪ. ದೀಪದ ಬೆಳಕು ಗಾಜಿಗೆ ಬಡಿದು ನೋಡುವವನ ಕಣ್ಣಿಗೆ ಕೆಂಪು ಚುಕ್ಕಿಯಾಗಿ ಕಾಣುತ್ತದೆ. ಚುಕ್ಕಿ ಎಲ್ಲಿ ಕೂತಿತೋ ಗುಂಡು ಅಲ್ಲಿಗೆ. ದೀಪಕ್ಕೂ ಗಾಜಿಗೂ ನಡುವೆ ಮುಚ್ಚಳವಿಲ್ಲ, ಬರೀ ಬಯಲು. ಹೀಗಾಗಿ ದೀಪದ ಮೇಲೆ ಚೂರು ಕಸ ಕೂತರೂ ಚುಕ್ಕಿ ಮಾಯ.

ಬೆಂಗಳೂರಿನಲ್ಲಿ ಐದು ದಿನ ತರಬೇತಿ ಪಡೆದು ಬಂದೆ. ಸ್ಕ್ರೂಗಳ ಜಿಡ್ಡು ತೆಗೆದು, ಸಡಿಲವಾಗದಂತೆ ಥ್ರೆಡ್‌ಲಾಕರ್ ಎಂಬ ಅಂಟು ಒಂದೇ ಹನಿ ಹಾಕಿ, ಅಳತೆಯ ಬಿಗಿಗೆ ಬಂದೊಡನೆ ‘ಟಕ್’ ಎನ್ನುವ ಸ್ಕ್ರೂಡ್ರೈವರಿನಿಂದ ಆರನ್ನೂ ಕೂರಿಸಿದೆ. ಸ್ಕ್ರೂ ತಲೆಯಿಂದ ಸೈಟಿನ ಮೈವರೆಗೆ ಒಂದು ಬಿಳಿ ಗೆರೆ ಎಳೆದೆ. ಸ್ಕ್ರೂ ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಒಂದು ತೊಡಕು ಉಳಿಯಿತು. ಸೈಟ್ ಕೂತ ಮೇಲೆ ಹಳೆಯ ಕಚ್ಚು, ಮೊನೆ ಎರಡೂ ಅದರ ಮರೆಗೆ ಹೋದವು. ಎತ್ತರದವು ಬೇಕೆಂದು ಬರೆದೆ, ಇನ್ನೂ ಬಂದಿರಲಿಲ್ಲ. ಅಂದರೆ ಚುಕ್ಕಿ ಹೋದರೆ ಗುರಿ ಹಿಡಿಯಲು ಬೇರೆ ಏನೂ ಇರಲಿಲ್ಲ.

ಹೊಸ ಸೈಟಿಗೆ ಎಲ್ಲರಿಗಿಂತ ಬೇಗ ಒಗ್ಗಿಕೊಂಡವನು ಹೆಡ್ ಕಾನ್‌ಸ್ಟೆಬಲ್ ಶಿವಮಾದು. ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಕಡೆಯ ರೈತರ ಮನೆಯವನು, ಮೂವತ್ತೈದರ ಆಸುಪಾಸು. ಪ್ರತಿದಿನ ಪಿಸ್ತೂಲು ಪಡೆಯುವಾಗ ನನ್ನೆದುರೇ ಗೋಡೆಗೆ ಹಿಡಿದು, “ಚುಕ್ಕಿ ಐತೆ ಸಾರ್” ಎಂದು ಹೇಳಿಯೇ ಸಹಿ ಹಾಕುತ್ತಿದ್ದ. “ಲೋ, ನೀನೇನು ಹೆಣ್ಣು ನೋಡೋಕೆ ಬಂದಿದ್ದೀಯಾ, ಇಷ್ಟು ಹೊತ್ತು ನೋಡ್ತೀಯಲ್ಲ” ಎಂದು ರೇಗಿಸುತ್ತಿದ್ದೆ. ಅವನು ನಗುತ್ತಿದ್ದ. ಆದರೆ ನೋಡುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಬೇರೆಯವರ ಮನೆಯಲ್ಲಿ ಆ ದಿನ ಸ್ಕೂಟರು, ಮಿಕ್ಸಿಗಳಿಗೆ ಪೂಜೆ. ನಮ್ಮಲ್ಲಿ ನಿಜವಾದ ಆಯುಧಗಳಿಗೇ. ಹಸಿರು ಜಮಖಾನೆಯ ಮೇಲೆ ರೈಫಲ್ಲು, ಪಿಸ್ತೂಲುಗಳನ್ನು ಸಾಲಾಗಿ ಜೋಡಿಸಿ, ಸೇವಂತಿಗೆ ಹೂವಿಟ್ಟು, ಬೂದುಗುಂಬಳ ಒಡೆಯುತ್ತೇವೆ. ಕುಂಕುಮ ಇಡುವ ಹಕ್ಕು ಆರ್ಮರರನದು. ಆ ಹಕ್ಕಿನ ಬಗ್ಗೆ ನನಗೆ ತುಸು ಜಂಬವೇ ಇತ್ತು. ನೀರಿನಲ್ಲಿ ಕಲಸಿದ ಕುಂಕುಮವನ್ನು ಆರು ಹೊಸ ಸೈಟುಗಳ ಗಾಜಿಗೆ ತಾಗದಂತೆ ಜೋಪಾನವಾಗಿ ಚೌಕಟ್ಟಿನ ನೆತ್ತಿಗೆ ಇಟ್ಟೆ. ಬಹಳ ಬುದ್ಧಿವಂತಿಕೆ ಮಾಡಿದೆ ಅಂದುಕೊಂಡೆ. ಹಬ್ಬ ಕಳೆದ ಮೇಲೆ ಎಲ್ಲವನ್ನೂ ಶುಚಿ ಮಾಡಿದೆ, ನಳಿಗೆಗಳಿಗೆ ಎಣ್ಣೆ ಹಾಕಿದೆ. ಕುಂಕುಮ ಮಾತ್ರ ಒರೆಸಲಿಲ್ಲ. ದೇವರ ಕುಂಕುಮ, ತಾನಾಗಿ ಹೋಗಲಿ ಎಂದು ಬಿಟ್ಟೆ. ಮೂವತ್ತು ವರ್ಷದಿಂದ ರೈಫಲ್ಲುಗಳಿಗೂ ಹಾಗೆಯೇ ಬಿಟ್ಟಿದ್ದೆ, ಯಾವ ರೈಫಲ್ಲೂ ದೂರು ಹೇಳಿರಲಿಲ್ಲ.

ದಸರಾ ರಜೆ ಮುಗಿದು ಕೋರ್ಟ್ ತೆರೆದ ದಿನ, ಶಿವಮಾದು ಮತ್ತು ಕಾನ್‌ಸ್ಟೆಬಲ್ ನಂಜುಂಡ ಒಬ್ಬ ವಿಚಾರಣಾಧೀನ ಕೈದಿಯನ್ನು ಮಾಗಡಿಗೆ ಕರೆದೊಯ್ದರು. ವಾಪಸ್ ಬರುವಾಗ ರಸ್ತೆ ಕೆಲಸ ನಡೆಯುತ್ತಿದ್ದ ಕಡೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಎರಡು ಬೈಕಿನಲ್ಲಿ ಬಂದ ನಾಲ್ವರು ಲಾಂಗು ಹಿಡಿದು ಕೈದಿಯ ಮೇಲೆ ನುಗ್ಗಿದರು. ಅವರಿಗೂ ಅವನಿಗೂ ಹಳೇ ದ್ವೇಷ. ಶಿವಮಾದು ಜೀಪಿನಿಂದ ಹಾರಿ ಪಿಸ್ತೂಲು ಎತ್ತಿದ. ಎತ್ತಿದವನು ಹಾಗೆಯೇ ನಿಂತ. ನಂಜುಂಡ ಬರಿಗೈಯಲ್ಲಿ ಲಾಂಗು ತಡೆದ. ಅಷ್ಟರಲ್ಲಿ ಜನ ಕೂಗಿಕೊಂಡು ಓಡಿಬಂದರು, ಹಲ್ಲೆಕೋರರು ಬೈಕ್ ಹತ್ತಿ ಪರಾರಿಯಾದರು. ಕೈದಿ ಉಳಿದ. ನಂಜುಂಡನ ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ.

ಗುಂಡು ಹಾರಿರಲಿಲ್ಲವಾದ್ದರಿಂದ ಪಿಸ್ತೂಲನ್ನು ಸಾಕ್ಷ್ಯವೆಂದು ಯಾರೂ ಸೀಲು ಹಾಕಿ ಇಡಲಿಲ್ಲ. ಸಂಜೆ ಎಂದಿನಂತೆ ನನ್ನ ಮೇಜಿಗೆ ಬಂತು. ನಾನೂ ಎಂದಿನಂತೆ ಬ್ರಷ್ ಎತ್ತಿಕೊಂಡು ಸೈಟಿನ ತಳದ ಧೂಳು ಹೊಡೆದೆ. ದೀಪದ ಮೇಲಿನಿಂದ ಒಂದು ಕೆಂಪು ಚಕ್ಕೆ ಹಾರಿ ಬಿಳಿ ಬಟ್ಟೆಯ ಮೇಲೆ ಬಿತ್ತು. ಬೆರಳಲ್ಲಿ ಉಜ್ಜಿ ನೋಡಿದೆ. ಕುಂಕುಮ. ಚೌಕಟ್ಟಿನ ಮೇಲೆ ಒಣಗಿದ್ದದ್ದು ಓಡಾಟಕ್ಕೆ ಕಳಚಿ, ನನ್ನದೇ ಎಣ್ಣೆ ಬಟ್ಟೆ ಅಲ್ಲಿ ಬಿಟ್ಟಿದ್ದ ಜಿಡ್ಡಿಗೆ ಅಂಟಿಕೊಂಡು, ದೀಪಕ್ಕೆ ಮುಚ್ಚಳವಾಗಿತ್ತು. ಗೋಡೆಗೆ ಹಿಡಿದು ನೋಡಿದೆ. ಈಗ ಚುಕ್ಕಿ ಸೊಗಸಾಗಿ ಕಾಣುತ್ತಿತ್ತು.

ಮರುದಿನ ಶಿವಮಾದು, ಚುಕ್ಕಿ ಕಾಣಲಿಲ್ಲ ಎಂದು ಹೇಳಿಕೆ ಕೊಟ್ಟ. ಸೈಟಿನ ಸ್ಥಿತಿ ತಿಳಿಸಿ ಎಂದು ನನಗೆ ಮೆಮೊ ಬಂತು. ‘ಪರೀಕ್ಷಿಸಲಾಗಿದೆ, ಸುಸ್ಥಿತಿಯಲ್ಲಿದೆ’ ಎಂದು ಬರೆದೆ. ಅಕ್ಷರಶಃ ಸುಳ್ಳಲ್ಲ. ಆ ಒಂದು ಸಾಲಿನ ಮೇಲೆ ಅವನು ಅಮಾನತಾದ, ಕರ್ತವ್ಯದಲ್ಲಿ ಹೇಡಿತನ ತೋರಿದನೆಂದು ಇಲಾಖಾ ವಿಚಾರಣೆ ಶುರುವಾಯಿತು. ಸಾಬೀತಾದರೆ ಕೆಲಸ ಹೋಗುತ್ತದೆ. ಹೇಡಿ ಎಂಬ ಹೆಸರು ಹೊತ್ತು ಊರು ಸೇರಬೇಕು.

ವಾರದ ಮೇಲೆ ನನ್ನನ್ನು ನೋಡಲು ಬಂದ. ಗಡ್ಡ ಬಿಟ್ಟಿದ್ದ, ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಸಾರ್, ನಿಮ್ಮೆದುರ್ಗೇ ನೋಡ್ಕಂಡು ಹೋಗಿದ್ದೆ, ಬೆಳಿಗ್ಗೆ ಚುಕ್ಕಿ ಇತ್ತು. ಅಲ್ಲಿ ಎತ್ತುದ್ರೆ ಬರೀ ಗಾಜು ಸಾರ್. ಅವ್ರ ಹಿಂದ್ಗಡೇನೇ ಸ್ಕೂಲ್ ಮಕ್ಕಳ ಬಸ್ಸು. ಗುರಿ ಇಲ್ದೆ ಹೆಂಗೆ ಹೊಡೀಲಿ? ನೀವೊಬ್ರೇ ಹೇಳ್ಬೌದು, ಆ ಸೈಟ್ಗೆ ಹಿಂಗಾಯ್ತದೆ ಅಂತ.”

“ನೋಡೋಣ ಕಣಪ್ಪ” ಎಂದೆ. ಆ ಮಾತು ಆಡಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಇಪ್ಪತ್ತಾರು ದಿನ ಬಾಯಿ ಬಿಡಲಿಲ್ಲ. ನನಗೇ ಚಾರ್ಜ್‌ಶೀಟ್ ಆದೀತು, ಕಪ್ಪು ಚುಕ್ಕೆಯಿಲ್ಲದ ಸೇವೆ ಕೊನೆಗಾಲದಲ್ಲಿ ಹಾಳಾದೀತು ಎಂಬ ಭಯ. ಒಂದು ಚಕ್ಕೆ ಎಲ್ಲಿಂದ ಬೇಕಾದರೂ ಬಂದಿರಬಹುದು ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಪೂಜೆಯಿಂದ ಅನರ್ಥವಾಯಿತು ಎಂದರೆ ಜನ ಉಗಿದಾರು ಎಂದೂ ಯೋಚಿಸಿದೆ. ಪೂಜೆಯದೇನೂ ತಪ್ಪಿರಲಿಲ್ಲ, ಒರೆಸದೆ ಬಿಟ್ಟ ಕೈಯದು ತಪ್ಪು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಊಟ ಸೇರುತ್ತಿರಲಿಲ್ಲ. ಕೊನೆಗೆ ಹೆಂಡತಿಯೆದುರು ಬಾಯಿಬಿಟ್ಟೆ. ತರಕಾರಿ ಹೆಚ್ಚುತ್ತಿದ್ದವಳು ಈಳಿಗೆಮಣೆ ಪಕ್ಕಕ್ಕೆ ಸರಿಸಿ, “ಆ ಮಗೀನ ಜಾಗದಲ್ಲಿ ನಮ್ಮ ಮಗ ಇದ್ದಿದ್ರೆ ನೋಡೋಣ ಅಂತಿದ್ರಾ?” ಎಂದಳು.

ಮರುದಿನವೇ ವಿಚಾರಣಾಧಿಕಾರಿಯ ಮುಂದೆ ನಿಂತೆ. ಬೇರೆ ಕಡೆಯಿಂದ ಬಂದಿದ್ದ ಡಿವೈಎಸ್‌ಪಿ ಮೇಡಂ ನನ್ನ ವರದಿಯನ್ನೇ ನನ್ನ ಮುಂದಿಟ್ಟರು. “ಸುಸ್ಥಿತಿಯಲ್ಲಿದೆ ಅಂತ ನೀವೇ ಬರೆದಿದ್ದೀರಲ್ಲ?”

“ಒರೆಸಿದ ಮೇಲೆ ಬರೆದಿದ್ದು ಮೇಡಂ. ಒರೆಸೋಕೆ ಮುಂಚೆ ದೀಪದ ಮೇಲೆ ಕುಂಕುಮ ಇತ್ತು. ಇಟ್ಟೋನೂ ನಾನೇ, ಒರೆಸಿದೋನೂ ನಾನೇ.”

ಅವರು ನಂಬಲಿಲ್ಲ. ಖಾಲಿ ಪಿಸ್ತೂಲು ತರಿಸಿ, ಸೈಟಿನ ಚುಕ್ಕಿ ತೋರಿಸಿ, ದೀಪಕ್ಕೆ ತುಸು ಎಣ್ಣೆ ಸವರಿ, ಒಣಗಿದ ಕುಂಕುಮದ ಒಂದು ಚಕ್ಕೆ ಅದರ ಮೇಲೆ ಬೀಳಿಸಿದೆ. ಮೇಡಂ ಗೋಡೆಗೆ ಹಿಡಿದು ನೋಡಿದರು. ತಿರುಗಿಸಿ ನೋಡಿದರು, ಮತ್ತೆ ಹಿಡಿದರು. ಬರೀ ಗಾಜು.

“ಇಷ್ಟು ದಿನ ಯಾಕೆ ಸುಮ್ಮನಿದ್ರಿ?”

“ಹೆದರಿದ್ದೆ ಮೇಡಂ.”

ಹೇಡಿ ಎಂಬ ಆಪಾದನೆ ಹೊತ್ತು ಶಿವಮಾದು ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಆ ಹೆಸರಿಗೆ ಲಾಯಕ್ಕಾದ ನಾನು ಒಳಗೆ ನಿಂತಿದ್ದೆ.

ಅವನ ಮೇಲಿನ ಆರೋಪ ಬಿದ್ದುಹೋಯಿತು, ಅಮಾನತು ರದ್ದಾಯಿತು. ನನಗೆ ವಾಗ್ದಂಡನೆ, ಸೇವಾ ಪುಸ್ತಕದಲ್ಲಿ ಒಂದು ನಮೂದು. ಹಗುರಾಗಿಯೇ ಪಾರಾದೆ. ಆದೇಶದ ಪ್ರತಿ ಹಿಡಿದು ಬಂದ ಶಿವಮಾದು ಥ್ಯಾಂಕ್ಸ್ ಹೇಳಿಯಾನು ಎಂದುಕೊಂಡಿದ್ದೆ. ಹೇಳಲಿಲ್ಲ.

“ಇದ ಊರಲ್ಲಿ ಯಾರೂ ಓದಾಕಿಲ್ಲ ಸಾರ್. ನಾಳೆ ಬೆಳಿಗ್ಗೆ ನಮ್ಮೂರ ಡೇರಿ ತಾವ ಬನ್ನಿ. ಹಾಲು ಹಾಕಾಕೆ ಎಲ್ರೂ ಬತ್ತಾರೆ. ನೀವೇ ಹೇಳ್ಬುಡಿ.”

ಹೋದೆ. ಯೂನಿಫಾರ್ಮಿನಲ್ಲೇ ಹೋದೆ. ಕ್ಯಾನು ಹಿಡಿದ ಮೂವತ್ತು ನಲವತ್ತು ಜನರ ಮುಂದೆ ಕುಂಕುಮದಿಂದ ಹಿಡಿದು ನನ್ನ ಮೌನದವರೆಗೆ ಎಲ್ಲವನ್ನೂ ಹೇಳಿದೆ. ಮಕ್ಕಳಿಗೆ ತಗಲೀತೆಂದು ಗುಂಡು ಹಾರಿಸದೆ ನಿಂತವನು ಅವನು ಎಂದೂ ಹೇಳಿದೆ. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸಾಲಿನ ಕೊನೆಯಲ್ಲಿ ನಿಂತಿದ್ದ ಹಿರಿಯರೊಬ್ಬರು ಮುಂದೆ ಬಂದರು. ಶಿವಮಾದುವಿನ ತಂದೆ, ಮರಿಗೌಡರು.

“ಮೊದ್ಲ ದಿನವೇ ಗೊತ್ತಿತ್ತಾ ನಿಮ್ಗೆ?”

“ಗೊತ್ತಿತ್ತು ಗೌಡ್ರೇ.”

ಅವರು ಕ್ಯಾನು ಕೆಳಗಿಟ್ಟರು. “ಊರೋರು ಏನಾರ ಅಂದ್ಕೊಳ್ಲಿ, ಅದು ಬುಡಿ. ನಾನೂ ಕೇಳ್ಬುಟ್ಟೆ ಸ್ವಾಮಿ. ಉಣ್ತಾ ಕೂತಿದ್ದ, ‘ಹೆದ್ರುಕೊಂಡ್ಯೇನ್ಲಾ?’ ಅಂತ ಕೇಳ್ದೆ. ತಟ್ಟೆ ಬುಟ್ಟು ಎದ್ದೋದ. ಆ ಮಾತ ಈಗ ಹೆಂಗೆ ವಾಪಸ್ ಈಸ್ಕೊಳ್ಳಲಿ?”

ಶಿವಮಾದು ಬೇರೆ ಕಡೆ ನೋಡುತ್ತಿದ್ದ. ಮರಿಗೌಡರು ಕ್ಯಾನು ಎತ್ತಿಕೊಂಡು ತಮ್ಮ ಜಾಗಕ್ಕೆ ಹೋಗಿ ನಿಂತರು.

ಉಳಿದ ಎರಡು ವರ್ಷ, ಯಾವ ಆಯುಧ ಬಂದರೂ ಕೈ ಹಚ್ಚುವ ಮೊದಲು ಅದು ಯಾವ ಸ್ಥಿತಿಯಲ್ಲಿ ಬಂತು ಎಂದು ಬರೆದಿಟ್ಟೆ. ಒರೆಸುವುದು, ಸಹಿ ಮಾಡುವುದೆಲ್ಲ ಆಮೇಲೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ನಾನು ಸರಿಪಡಿಸಿದ್ದನ್ನಷ್ಟೇ ಬರೆದು, ಸರಿಯಿಲ್ಲದಿದ್ದದ್ದನ್ನು ಬರೆಯದೆ ಬಿಟ್ಟರೆ, ಅದರ ಶಿಕ್ಷೆ ನನಗೆ ಪರಿಚಯವೇ ಇಲ್ಲದ ಒಂದು ಮನೆಯ ಊಟದ ತಟ್ಟೆಯವರೆಗೂ ಹೋಗುತ್ತದೆ.