ಡಬ್ಬಿಗಳಿಲ್ಲದ ಫೋಟೊ

ಕಂಪನಿಯವರು ಕಳಿಸುವ ಫೋಟೊದಲ್ಲಿ ಯಾವಾಗಲೂ ಅದೇ ಹೆಂಗಸು. ಹಾಲಿನ ಬಣ್ಣದ ಅಡುಗೆಮನೆ, ಒಗ್ಗರಣೆಯ ಒಂದು ಕಲೆಯೂ ಇಲ್ಲದ ಗೋಡೆ, ಕೈಯಲ್ಲಿ ನೀಲಿ ಡಬ್ಬಿ. ಡಬ್ಬಿಯೊಳಗೆ ಕಲಬುರಗಿಯ ಯಾವ ತಳ್ಳುಬಂಡಿಯಲ್ಲೂ ನಾನು ಕಂಡಿರದ ಯಾವುದೋ ಹಣ್ಣು. ಈಕೆಯನ್ನು ನಾನು ದಿನ ಬಿಟ್ಟು ದಿನ ಸ್ಟೇಟಸ್ಸಿಗೆ ಹಾಕಬೇಕು. ನೋಡಿದವರು ಡಬ್ಬಿಯ ಬಗ್ಗೆ ಕೇಳುವುದೇ ಇಲ್ಲ. "ಈಕಿ ಯಾರ್ರಿ? ನಿಮ್ಮ ಸಂಬಂಧಿಕರೇನು?" ಎಂದು ಕೇಳುತ್ತಾರೆ.

ನಾನು ಅಡುಗೆಮನೆಯ ಡಬ್ಬಿ ಮಾರುವವಳು. ಅಂಗಡಿ ಇಲ್ಲ. ಯಾರಾದರೊಬ್ಬರ ಮನೆಯಲ್ಲಿ ಓಣಿಯ ಹೆಂಗಸರು ಸೇರುತ್ತಾರೆ. ನಾನು ಡಬ್ಬಿಗೆ ನೀರು ತುಂಬಿ ಮುಚ್ಚಳ ಒತ್ತಿ, ತಲೆಕೆಳಗೆ ಮಾಡಿ ತೋರಿಸುತ್ತೇನೆ, ಆರ್ಡರ್ ತೆಗೆದುಕೊಳ್ಳುತ್ತೇನೆ. ಮನೆ ಕೊಟ್ಟವಳಿಗೆ ಕಂಪನಿಯ ಕಡೆಯಿಂದ ಉಡುಗೊರೆ. ಕಂಪನಿ ಇದನ್ನು ಪಾರ್ಟಿ ಎನ್ನುತ್ತದೆ. ನಮ್ಮ ಕಡೆ ಪಾರ್ಟಿ ಎಂದರೆ ಒಂದೋ ಚುನಾವಣೆ, ಇಲ್ಲವೆ ಗಂಡಸರ ಕುಡಿತ. ಹಾಗಾಗಿ ನಾನು 'ಡಬ್ಬಿ ತೋರ್ಸೂದು' ಅಂತಲೇ ಹೇಳಿ ಕರೆಯುತ್ತೇನೆ.

ಡಬ್ಬಿ ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಲೆ ತಿನ್ನುವುದು ಕಂಪನಿಯ ರೂಲ್ಸು. ಸ್ಟೇಟಸ್ಸಿನಲ್ಲಿ ಬೆಲೆ ಹಾಕಬಾರದು. ನಮ್ಮ ಹೆಂಗಸರು ಕೇಳುವ ಮೊದಲ ಮಾತೇ ಬೆಲೆ. ಡಬ್ಬಿ ಮಾರಲು ನಾನು ಫೋನಿನಲ್ಲಿ ಮಾಡಿಕೊಂಡ ಪೇಜಿನ ಹೆಸರಿನಲ್ಲಿ ಕಂಪನಿಯ ಹೆಸರು ಇರಬಾರದು, ಆದರೆ ಪ್ರತಿ ಪೋಸ್ಟಿನ ಕೆಳಗೂ ನಾನು ಕಂಪನಿಯ 'ಸ್ವತಂತ್ರ ಸಲಹೆಗಾರ್ತಿ' ಎಂದು ಬರೆಯಲೇಬೇಕು. ಎಂಥ ಸ್ವತಂತ್ರ! ಒಮ್ಮೆ, ಮಳೆಗಾಲದಲ್ಲೂ ಈ ಡಬ್ಬಿಯಲ್ಲಿಟ್ಟ ಕಡಕ್ ರೊಟ್ಟಿ ಮೆತ್ತಗಾಗುವುದಿಲ್ಲ ಎಂದು ಬರೆದೆ. ಕೂಡಲೇ ತೆಗೆಯಿರಿ ಎಂದು ಮೇಲ್ ಬಂತು. ಕಂಪನಿ ಇನ್ನೂ ರೊಟ್ಟಿ ಇಟ್ಟು ಪರೀಕ್ಷೆ ಮಾಡಿಲ್ಲವಂತೆ. ನಮ್ಮ ಅತ್ತೆ ಇಡೀ ಮಳೆಗಾಲ ಪರೀಕ್ಷೆ ಮಾಡಿದ್ದರು, ಅದು ಲೆಕ್ಕಕ್ಕಿಲ್ಲ. ಎಲ್ಲಕ್ಕಿಂತ ದೊಡ್ಡ ರೂಲ್ ಎಂದರೆ ನಾವೇ ತೆಗೆದ ಫೋಟೊದಲ್ಲಿ ಕಂಪನಿಯ ಡಬ್ಬಿ ಕಾಣಿಸಬಾರದು. ಡಬ್ಬಿಯ ಪಕ್ಕ ನಿಲ್ಲುವ ಹಕ್ಕು ಆ ಹಾಲಿನ ಬಣ್ಣದ ಅಡುಗೆಮನೆಯವಳಿಗೆ ಮಾತ್ರ.

ಇದನ್ನೆಲ್ಲ ನುಂಗಿಕೊಂಡು ಹೇಗೋ ನಡೆಸಿದ್ದೆ. ಕಮಲಾಪುರದ ನನ್ನ ಚಿಗವ್ವನ ಫೋಟೊದ ತನಕ.

ಚಿಗವ್ವ ಎಂದರೆ ನಮ್ಮ ಅವ್ವನ ತಂಗಿ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಬ್ಬಳೇ ಇದ್ದಾಳೆ, ಬ್ಲೌಸ್ ಹೊಲಿಯುತ್ತಾಳೆ. ಅವಳ ಗಂಡ, ನಮ್ಮ ಕಾಕಾ, ತೀರಿಕೊಂಡು ಬಹಳ ವರ್ಷವಾಯಿತು. ಸಂಕ್ರಾಂತಿ ಹತ್ತಿರ ಬಂದರೆ ಅವಳ ಮಷೀನು ನಿಲ್ಲುವುದೇ ಇಲ್ಲ, ಏಕೆಂದರೆ ಓಣಿಯ ಅರಿಶಿನ-ಕುಂಕುಮಕ್ಕೆ ಎಲ್ಲರಿಗೂ ಹೊಸ ಬ್ಲೌಸ್ ಬೇಕು. ಆ ಸಂಜೆ ಮಾತ್ರ ಅವಳನ್ನು ಯಾರೂ ಕರೆಯುವುದಿಲ್ಲ. ಗಂಡ ಇಲ್ಲದವಳಿಗೆ ಕುಂಕುಮ ಹಚ್ಚುವುದು ಹೇಗೆ ಎನ್ನುವ ಮುಜುಗರ ಅವರಿಗೆ. "ನಾ ಹೊಲ್ದ ಬ್ಲೌಸ್ ಎಲ್ಲಾ ಹೋಗಿ ಬರ್ತಾವ, ನಾ ಅಷ್ಟೇ ಹೋಗಂಗಿಲ್ಲ" ಎಂದು ಒಮ್ಮೆ ನಕ್ಕಿದ್ದಳು. ನನಗೆ ನಗು ಬರಲಿಲ್ಲ.

ಹೋದ ದೀಪಾವಳಿಯಾದ ಮೇಲೆ ಅವಳೇ ಫೋನ್ ಮಾಡಿದಳು. "ನಿನ್ನ ಡಬ್ಬಿ ತೋರ್ಸೂದು ನಮ್ಮ ಮನ್ಯಾಗ ಇಡು. ಓಣ್ಯಾಗ ಎಲ್ಲಾರಿಗೂ ನಾನೇ ಹೇಳ್ತೀನಿ." ಯಾರಾದರೂ ಬರುತ್ತಾರೋ ಇಲ್ಲವೋ ಎಂದು ನನಗೆ ಅನುಮಾನ. ಬಂದರು. ಓಣಿಗೆ ಓಣಿಯೇ ಬಂತು. ಇದು ಅರಿಶಿನ-ಕುಂಕುಮವೂ ಅಲ್ಲ, ಮದುವೆಯೂ ಅಲ್ಲ, ಕಂಪನಿ ಕೆಲಸ. ಇದಕ್ಕೆ ಯಾವ ಶಾಸ್ತ್ರವೂ ಇಲ್ಲ.

ಕಂಪನಿಯ ಪದ್ಧತಿಯ ಪ್ರಕಾರ ಮನೆಯವಳನ್ನು ನಡುವೆ ಕೂರಿಸಿ ಎಲ್ಲರೂ ಚಪ್ಪಾಳೆ ತಟ್ಟಬೇಕು. ಆ ಒಂದು ರೂಲ್ ಮೇಲೆ ನನಗೆ ಸಿಟ್ಟಿಲ್ಲ. ಹಸಿರಂಚಿನ ಸೀರೆ ಉಟ್ಟು ನಡುವೆ ಕೂತ ಚಿಗವ್ವ ಮೊದಲು ನೆಲ ನೋಡಿದಳು, ಆಮೇಲೆ ತಲೆ ಎತ್ತಿದಳು. ಹೋಗುವಾಗ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಗೂ ಒಂದೊಂದು ಕೆಂಪು ಬಾಳೆಹಣ್ಣು ಕೊಟ್ಟಳು. ನಾನು ಅದನ್ನು ಹೇಳಿಕೊಟ್ಟಿರಲಿಲ್ಲ. ಪಕ್ಕದ ಮನೆಯಾಕೆ ಮೊದಲು ತೆಗೆದುಕೊಂಡಳು, ಸೆರಗು ಒಡ್ಡಿ ತೆಗೆದುಕೊಂಡಳು. ಉಳಿದವರೂ ಹಾಗೇ ಮಾಡಿದರು.

ಅದಕ್ಕೂ ಮುಂಚೆ ಒಂದು ಫೋಟೊ ತೆಗೆದಿದ್ದೆ. ಮುಂದೆ ಮಣೆಯ ಮೇಲೆ ಡಬ್ಬಿಗಳ ಸಾಲು, ಅದರ ಹಿಂದೆ ಬಾಳೆಹಣ್ಣಿನ ಬುಟ್ಟಿ, ಅದರ ಹಿಂದೆ ಚಿಗವ್ವ, ಸುತ್ತಲೂ ಹೆಂಗಸರು. ಪಕ್ಕದ ಮನೆಯಾಕೆ ಚಿಗವ್ವನ ಹೆಗಲಿಗೆ ಗದ್ದ ಊರಿಕೊಂಡು ಹಲ್ಲು ಕಾಣುವಂತೆ ನಗುತ್ತಿದ್ದಾಳೆ. ರೂಲ್ಸು ಗೊತ್ತಿದ್ದೇ ನನ್ನ ಪೇಜಿಗೆ ಹಾಕಿದೆ. 'ಇವತ್ತಿನ ಮನೆಯೊಡತಿ, ನಮ್ಮ ಚಿಗವ್ವ' ಎಂದು ಬರೆದೆ. ಮರುದಿನ ಚಿಗವ್ವನ ಫೋನು ಬಂತು. ಹುಮನಾಬಾದಿನ ನೆಂಟರೂ ನೋಡಿದ್ದರಂತೆ. "ಅದು ಅಲ್ಲೇ ಇರ್ತದಲ್ಲ? ಎರಡ ದಿನಕ್ಕ ಹೋಗಿಬಿಡ್ತದೇನು?" ಎಂದು ಕೇಳಿದಳು. ಸ್ಟೇಟಸ್ ಆದರೆ ಹೋಗುತ್ತದೆ, ಪೇಜಿನಲ್ಲಿ ಇರುತ್ತದೆ ಎಂದೆ. "ಇರ್ಲಿ. ತೆಗಿಬ್ಯಾಡ" ಎಂದಳು. ಆಕೆ ನನ್ನಿಂದ ಈವರೆಗೆ ಏನನ್ನೂ ಕೇಳಿದವಳಲ್ಲ.

ಆ ವಾರವೇ ಕಂಪನಿಯಿಂದ ಮೇಲ್ ಬಂತು. ಅನುಮತಿ ಇಲ್ಲದ ಫೋಟೊ, ಡಬ್ಬಿಯ ಪಕ್ಕ ಪರೀಕ್ಷೆ ಮಾಡದ ಆಹಾರ. ಕೂಡಲೇ ತೆಗೆಯದಿದ್ದರೆ ನನ್ನ ಐಡಿ ಬಂದ್, ಅಂದರೆ ಮಾರಾಟವೂ ಬಂದ್. ಪರೀಕ್ಷೆ ಮಾಡದ ಆಹಾರ ಎಂದರೆ ಬಾಳೆಹಣ್ಣು! ಸಹಾಯವಾಣಿಗೆ ಫೋನ್ ಹಚ್ಚಿದೆ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ ಎಂದಿತು. ಒತ್ತಿ ಒತ್ತಿ ಬೆರಳು ಸವೆಯಿತೇ ವಿನಾ ಮನುಷ್ಯರ ದನಿ ಬರಲಿಲ್ಲ. ಆವತ್ತು ಆ ಫೋನನ್ನು ಗೋಡೆಗೆ ಹೊಡೆಯದೆ ಬಿಟ್ಟದ್ದು ನನ್ನ ದೊಡ್ಡತನ.

ನನ್ನನ್ನು ಈ ಕೆಲಸಕ್ಕೆ ಸೇರಿಸಿದ ಲೀಡರ್ ಒಬ್ಬರಿದ್ದಾರೆ. ಅವರನ್ನು ಸ್ಟೇಶನ್ ಬಜಾರದ ಒಂದು ಹೋಟೆಲಿನಲ್ಲಿ ಹಿಡಿದೆ. ಚಹಾ ಬರುವುದರೊಳಗೆ ನಾನು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡಿದ್ದೆ.

"ಖಾಲಿ-ಪೀಲಿ ಸಿಟ್ಟ ಮಾಡ್ಕೋಬ್ಯಾಡ್ರಿ," ಎಂದರು. "ರೂಲ್ಸ್ ನಾ ಮಾಡೀನೇನು? ಡಬ್ಬಿ ಕಂಡ್ರ ಅದು ಕಂಪನಿ ಮಾತು. ಡಬ್ಬಿ ಕಟ್ ಮಾಡಿ ಹಾಕ್ರಿ. ಆಗ ಅದು ನಿಮ್ಮ ಮನಿ ಫೋಟೊ. ಕಂಪನಿ ಯಾಕ ಕೇಳ್ತದ?"

ಹೌದಲ್ಲ ಎನಿಸಿತು. ಅಲ್ಲೇ ಕೂತು ಫೋಟೊದ ಕೆಳಗಿನ ಭಾಗ ಕತ್ತರಿಸಿದೆ. ಡಬ್ಬಿಗಳು ಹೋದವು. ಬಾಳೆಹಣ್ಣು ಉಳಿಯಿತು, ಚಿಗವ್ವ ಉಳಿದಳು. ಪೇಜಿನಲ್ಲಿದ್ದ ಹಳೆಯದನ್ನು ತೆಗೆದು, ಕೆಳಗೆ ಕಂಪನಿಯ ಹೆಸರನ್ನೂ ಬಿಟ್ಟು, ಬರೀ 'ನಮ್ಮ ಚಿಗವ್ವನ ಮನೆಯಲ್ಲಿ' ಎಂದು ಬರೆದು ಮತ್ತೆ ಹಾಕಿದೆ. ನಿಯಮ ಪಾಲಿಸಿದ್ದಕ್ಕೆ ಧನ್ಯವಾದ ಎಂದು ಕಂಪನಿಯಿಂದ ಮೇಲ್ ಬಂತು. ಗೆದ್ದೆ ಅಂದುಕೊಂಡೆ.

ಎರಡು ದಿನವಾದ ಮೇಲೆ ಕಮಲಾಪುರದಿಂದ ಫೋನು. ಚಿಗವ್ವನಲ್ಲ, ಪಕ್ಕದ ಮನೆಯಾಕೆ.

"ತಂಗಿ, ಆ ಫೋಟೊ ತೆಗಿಯವ್ವ. ಮಂದಿ ಕೇಳಾಕತ್ತಾರ, ಅಕ್ಕಾರ ಮನ್ಯಾಗ ಅರಿಷಿಣ-ಕುಂಕುಮ ಮಾಡಿದ್ರೇನು ಅಂತ. ನಮ್ಮ ಅತ್ತಿಯವರು ಊರಿಂದ ಫೋನ್ ಮಾಡಿ ಬೈದ್ರು. ಮುತ್ತೈದೇರು ಅಲ್ಲಿ ಹೋಗಿ ಹ್ಯಾಂಗ ಕುಂತ್ರಿ ಅಂತ."

ನಾನು ಫೋಟೊ ತೆರೆದು ನೋಡಿದೆ. ಅವಳು ಹೇಳಿದ್ದು ಸರಿ. ಹೊಸ ಸೀರೆಯ ಹೆಂಗಸರು, ಬುಟ್ಟಿ ತುಂಬ ಹಣ್ಣು, ನಡುವೆ ಮನೆಯಾಕೆ. ಡಬ್ಬಿ ತೆಗೆದ ಮೇಲೆ ಅದು ಅರಿಶಿನ-ಕುಂಕುಮವೇ. ಡಬ್ಬಿ ಇರುವವರೆಗೆ ಕಂಪನಿಯ ಕಾಟ, ಡಬ್ಬಿ ತೆಗೆದರೆ ಓಣಿಯ ಕಾಟ. ಚಿಗವ್ವ ನಡುವೆ ಕೂತ ಒಂದೇ ಒಂದು ಫೋಟೊ ಉಳಿಸಲು ಯಾರೂ ಬಿಡುವುದಿಲ್ಲವಲ್ಲ ಎಂದು ರೋಸಿಹೋಯಿತು. ಇದನ್ನು ಚಿಗವ್ವ ಬೇರೆಯವರ ಬಾಯಿಂದ ಕೇಳಿಸಿಕೊಳ್ಳುವುದಕ್ಕಿಂತ ನಾನೇ ಹೋಗಿ ಹೇಳುವುದು ಮೇಲು ಎಂದು ಮರುದಿನ ಬಸ್ಸು ಹತ್ತಿದೆ.

ಚಿಗವ್ವ ಮಷೀನಿನ ಮುಂದೆ ಇದ್ದಳು. ಸುತ್ತಲೂ ಸಂಕ್ರಾಂತಿಯ ಬ್ಲೌಸ್ ಪೀಸುಗಳ ಗುಡ್ಡೆ. ಪೇಜಿನಿಂದ ಆ ಫೋಟೊ ತೆಗೆಯಬೇಕಾಗಿದೆ, ಓಣಿಯವರು ಹೀಗೆ ಹೇಳುತ್ತಿದ್ದಾರೆ ಎಂದೆ. ಆಕೆ ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದಳು.

"ಫೋಟೊದಾಗ ಸುಳ್ಳು ಅದ ಏನು?"

"ಇಲ್ಲ."

"ಮತ್ತ ಯಾಕ ತೆಗಿತಿ?"

ನಾನು ಚೀಲದಿಂದ ಫೋನು ತೆಗೆದು ಆ ಫೋಟೊ ತೆರೆದೆ. ಅಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯಾಕೆಯೇ ನಿಂತಿದ್ದಳು, ಕೈಯಲ್ಲಿ ಜರಿಯಂಚಿನ ಹೊಸ ಪೀಸು. ನನ್ನನ್ನು ನೋಡಿ ಒಂದು ಗಳಿಗೆ ತಡವರಿಸಿ ಒಳಗೆ ಬಂದಳು. ಫೋನಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಆದರೆ ನನ್ನ ಮುಖ ಏನು ಹೇಳುತ್ತಿತ್ತೋ ನನಗೆ ಗೊತ್ತಿಲ್ಲ. ಚಿಗವ್ವ ಎದ್ದು ಕೊರಳಿನ ಟೇಪು ತೆಗೆದು ಆಕೆಯ ಅಳತೆ ತೆಗೆಯಲು ನಿಂತಳು.

"ಸಂಕ್ರಾಂತಿ ದಿನ ಸಂಜಿಮುಂದ ನಮ್ಮ ಮನ್ಯಾಗ ಮತ್ತ ಡಬ್ಬಿ ತೋರ್ಸೂದು ಇಟ್ಟೀವ್ರಿ," ಎಂದಳು, ಹೆಗಲಿನ ಅಳತೆ ಹಿಡಿಯುತ್ತ. "ಬರ್ರಿ."

ನಾನು ಹೌಹಾರಿದೆ. ಇಂಥ ಮಾತೇ ನಮ್ಮಿಬ್ಬರ ನಡುವೆ ಆಗಿರಲಿಲ್ಲ.

"ಅವತ್ತ ಸಂಜಿಗೆ ನಮ್ಮ ಮನ್ಯಾಗ ಅರಿಷಿಣ-ಕುಂಕುಮ ಅದ ಅಲ್ರಿ ಅಕ್ಕಾರ," ಎಂದಳು ಆಕೆ. "ಇಡೀ ಓಣಿ ಅಲ್ಲೇ ಇರ್ತದ."

"ಹೌದೇನ್ರಿ?" ಚಿಗವ್ವ ಟೇಪಿನ ಅಂಕಿ ನೋಡುತ್ತಿದ್ದಳು. "ನನಗ ಗೊತ್ತೇ ಆಗ್ಲಿಲ್ಲ ನೋಡ್ರಿ. ಯಾರೂ ಕರ್ದಿಲ್ಲ."

ಪಕ್ಕದ ಮನೆಯಾಕೆ ಕೈಯಲ್ಲಿದ್ದ ಪೀಸನ್ನು ಮಡಚತೊಡಗಿದಳು. ನಾನು ಕೈಯಲ್ಲಿದ್ದ ಫೋನನ್ನು ಚೀಲಕ್ಕೆ ಹಾಕಿದೆ. ಪೇಜಿನಿಂದ ಫೋಟೊ ತೆಗೆಯಲಿಲ್ಲ.

"ತೋಳು ಎತ್ರಿ," ಎಂದಳು ಚಿಗವ್ವ. ಆಕೆ ಎತ್ತಿದಳು.