ಹಸಿ ಆರುವುದರೊಳಗೆ

ಕನ್ಯೆ ನೋಡಲು ಬಂದವರು ಉಪ್ಪಿಟ್ಟಿಗೆ ಕೈ ಹಾಕುವ ಮೊದಲೇ ಎದ್ದು ನಿಂತಿದ್ದನ್ನು ನೀವು ನೋಡಿದ್ದೀರಾ? ಕಳೆದ ವಾರ ನಾನು ನೋಡಿದೆ. ನಮ್ಮ ಹಳ್ಳಿ ಅನಂತಪುರದ ನಮ್ಮದೇ ಮನೆಯಲ್ಲಿ.

ಬಂದವರು ಶೇಡಬಾಳದವರು. ಹುಡುಗ, ಅವನ ತಂದೆ, ತಾಯಿ. ನೋಡಬೇಕಾದವಳು ನನ್ನ ತಂಗಿ ಸುರೇಖಾ, ಬಿ.ಎ. ಕೊನೆಯ ವರ್ಷ. (ಮನೆಯ ಮೊದಲ ಡಿಗ್ರಿ ನನ್ನದು. ಕಬ್ಬು ಕಡಿಯುತ್ತಲೇ ಓದಿ ಮೇಷ್ಟ್ರಾದವನು ನಾನು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಎರಡನೆಯದು ಅವಳದಾಗಬೇಕು.) ಪರೀಕ್ಷೆ ಮುಗಿದ ಮೇಲೆಯೇ ಮದುವೆ. ಈ ಒಂದು ಮಾತು ನಾನು ಹೇಳಬೇಕಿತ್ತು.

ಹೇಳಲು ಬಿಟ್ಟರೆ ತಾನೆ? ಹುಡುಗನ ತಂದೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಒಮ್ಮೆ ಮೊಬೈಲ್ ನೋಡುವುದು, ಒಮ್ಮೆ ಬಾಗಿಲಾಚೆಯ ಬಿಸಿಲು. ನಾನು ಬಾಯಿ ತೆರೆದಾಗಲೆಲ್ಲ ರಿಂಗ್!

“ಹಸಿ ಎಷ್ಟೈತಲೇ? ಆರಾಕತ್ತೇತಿ? ಕೂರಿಗಿ ಹೂಡು, ಬಂದೆ!”

ಪೇಟೆಯಲ್ಲಿ ಹಸಿ ಅಂದರೆ ಒಣಗದ ಗೋಡೆ, ಬೇಯದ ತರಕಾರಿ. ನಮ್ಮಲ್ಲಿ ಹಸಿ ಅಂದರೆ ಗಡುವು. ಮಳೆ ನಿಂತು, ಮೇಲಿನ ಮಣ್ಣು ಕಾಲಿಗೆ ಅಂಟದಷ್ಟು ಆರಿ, ಒಳಗೆ ತಂಪು ಉಳಿದಿರುವ ಹೊತ್ತು. ಅಷ್ಟರಲ್ಲಿ ಕೂರಿಗೆ ಹೂಡಿ ಬೀಜ ಬಿತ್ತಬೇಕು. ಒದ್ದೆಯಾದ ಅಂಗಿ ಒಣಗಿದರೆ ಸಂತೋಷ, ಹೊಲ ಒಣಗಿದರೆ?

ಹುಡುಗನ ತಂದೆ ಎದ್ದೇಬಿಟ್ಟರು. “ತಪ್ಪ ತಿಳೀಬ್ಯಾಡ್ರಿ ಮಾಸ್ತರ. ಹುಡುಗಿ ಪಸಂದ ಅದಾಳ. ಬರೂ ತಿಂಗಳ ಲಗ್ನಾ ಮಾಡೂಣು. ಓದಿಂದು ಮುಂದ ನೋಡೂಣಂತ. ಜ್ವಾಳ ಬಿತ್ತೂದೈತಿ.”

“ನಮ್ಮ ಲಗ್ನದಾಗೂ ಹಿಂಗರಿ,” ಹುಡುಗನ ತಾಯಿ ನಕ್ಕರು. “ತಲಿಮ್ಯಾಲ ಅಕ್ಕಿಕಾಳ ಬಿದ್ದ ಕೂಡ್ಲೆ ಹೊಲಕ್ಕ ಓಡಿದ್ರು.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ತಂಗಿಯ ಓದು ಕೈತಪ್ಪುತ್ತಿತ್ತು.

ಆಗಲೇ ಉಪ್ಪಿಟ್ಟು ಕೊಟ್ಟು ಹೋಗಿ, ಈಗ ಚಹಾದ ತಟ್ಟೆ ಹಿಡಿದು ಒಳಬಾಗಿಲಲ್ಲಿ ನಿಂತಿದ್ದ ಸುರೇಖಾ ತಾನೇ ಬಾಯಿಬಿಟ್ಟಳು.

“ಕಾಕಾರ, ಓದಿಗೂ ಹಸಿ ಅಂತ ಇರತೈತ್ರಿ. ಈ ವರ್ಷ ಬಿಟ್ರ ನನಗ ಮತ್ತ ಯಾವಾಗ ಸಿಗತೈತಿ?”

ನಮ್ಮ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಡುಗನ ತಂದೆಯ ಒಂದು ಕಾಲು ಚಪ್ಪಲಿಯಲ್ಲಿ, ಇನ್ನೊಂದು ಹೊಸ್ತಿಲ ಮೇಲೆ. ಮತ್ತೆ ರಿಂಗ್. ಈ ಸಲ ಕಟ್ ಮಾಡಿದರು.

“ಅರ್ಧಾ ಬಿತ್ತಿ ಕೂರಿಗಿ ಬಿಚ್ಚಾಕ ಬರೂದಿಲ್ಲ ಯವ್ವಾ. ಪರೀಕ್ಷಾ ಮುಗೀಲಿ. ಆಮ್ಯಾಲ ಅಕ್ಕಿಕಾಳ.”

ಅಷ್ಟು ಹೇಳಿ ಓಡಿದರು. ಉಪ್ಪಿಟ್ಟು ಅಲ್ಲೇ ಉಳಿಯಿತು.

ಹೊಲದ ಹಸಿಗೆ ಇಷ್ಟು ಧಾವಂತಪಡುವ ನಾವು, ಹೆಣ್ಣುಮಕ್ಕಳ ಓದಿಗೆ ಮಾತ್ರ ‘ಮುಂದ ನೋಡೂಣಂತ’ ಅನ್ನುವುದು ಯಾಕೆ?