ತೋಳದ ಪಾಲಿನ ಟಗರು

ಗಾಳೆಮ್ಮನ ಬಾಯಿ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ಇರಕಲ್ಲಗಡದ ಸಂತೆಯಲ್ಲಿ ಅವಳು ಚೌಕಾಸಿಗೆ ನಿಂತರೆ ಬದನೆಕಾಯಿ ಮಾರುವವರು ತಕ್ಕಡಿ ಕೆಳಗಿಟ್ಟು, "ನೀನಾ ಒಂದ್ ರೇಟ್ ಹೇಳಿ ತಗೊಂಡ್ ಹೋಗವ್ವಾ" ಎಂದು ಕೈ ಮುಗಿಯುತ್ತಾರೆ. ಅದೆಲ್ಲ ಸಣ್ಣ ಮಾತು. ಆ ಬಾಯಿಯ ನಿಜವಾದ ಪ್ರತಾಪ ತಿಳಿಯಬೇಕೆಂದರೆ ಅವಳು ತೋಳಕ್ಕೆ ಬೈಯುವುದನ್ನು ಕೇಳಬೇಕು.

ನಮ್ಮ ಕಿರಾಣಿ ಅಂಗಡಿ ಊರಿನ ಕಟ್ಟಕಡೆಗಿದೆ. ಅದರಾಚೆ ಹುಲ್ಲು, ಕಲ್ಲು, ಮುಳ್ಳುಕಂಟಿ, ಆಮೇಲೆ ಗುಡ್ಡ. ಸಂಜೆ ಗುಡ್ಡ ಇಳಿದ ಕುರಿಹಿಂಡು ನಮ್ಮ ಮುಂದೆಯೇ ಹಾದು ಹೋಗಬೇಕು. ಹಿಂಡಿಗಿಂತ ಮೊದಲು ಗಾಳೆಮ್ಮನ ದನಿ ಬರುತ್ತದೆ. "ನಿನ್ ಬಾಯಾಗ ಮಣ್ಣ ಬೀಳ್ಲಿ! ನಿನ್ನ ಹಲ್ಲೆಲ್ಲಾ ಉದುರಿ ಹೋಗ್ಲಿ! ನಿನ್ನ ಮರಿಗೋಳಿಗೆ ಕಜ್ಜಿ ಹತ್ಲಿ!" ತೋಳ ಅಂದು ಕುರಿ ಮುಟ್ಟಿರಲಿ, ಬಿಡಲಿ, ಬೈಗುಳ ಮಾತ್ರ ತಪ್ಪುತ್ತಿರಲಿಲ್ಲ. ಒಳಗೆ ಲೆಕ್ಕ ಬರೆಯುತ್ತ ಕೂತ ನನ್ನ ಗಂಡ ಸಿದ್ದೇಶ, "ಲಲಿತಾ, ಗಾಳೆಮ್ಮ ಬಂದ್ಲು, ದೀಪಾ ಹಚ್ಚು" ಅನ್ನುತ್ತಿದ್ದ. ನಮ್ಮ ಮನೆಯಲ್ಲಿ ಸಂಜೆಗೆ ಗಡಿಯಾರ ಬೇಕಾಗಿರಲಿಲ್ಲ.

ಅವಳ ಗಂಡ ಪಕ್ಕೀರಪ್ಪ ಅವಳಿಗೆ ತದ್ವಿರುದ್ಧ. ದಿನಕ್ಕೆ ಇಷ್ಟೇ ಮಾತು ಎಂದು ಯಾರೋ ಅಳೆದು ಕೊಟ್ಟ ಹಾಗೆ ಬದುಕುವ ಮನುಷ್ಯ. ಅವನ ಮನೆತನದಲ್ಲಿ ಅಜ್ಜ ಮುತ್ತಜ್ಜರಿಂದ ಬಂದ ಒಂದು ಪದ್ಧತಿ ಇದೆ. ದೀಪಾವಳಿ ಆದ ಮೇಲೆ ಹಿಂಡಿನಲ್ಲಿ ಹುಟ್ಟುವ ಮೊದಲ ಮರಿ ತೋಳದ ಪಾಲು. ಅದರ ಕಿವಿಯಂಚು ಕತ್ತರಿಸಿ, ಕೊರಳಿಗೆ ಕರಿದಾರ ಕಟ್ಟುತ್ತಾರೆ. ಅದನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ, ಕಟ್ಟಿ ಹಾಕುವಂತೆಯೂ ಇಲ್ಲ. ತೋಳ ಬಂದು ತನ್ನದನ್ನು ಒಯ್ದರೆ ಉಳಿದ ಹಿಂಡು ಕ್ಷೇಮ ಎಂದು ನಂಬಿಕೆ. ಒಯ್ಯುವ ತನಕ ಇನ್ನೊಂದು ಮರಿಗೆ ದಾರ ಕಟ್ಟುವುದಿಲ್ಲ.

ಕೆಲವು ವರ್ಷಗಳ ಹಿಂದೆ ಹಾಗೆ ದಾರ ಕಟ್ಟಿಸಿಕೊಂಡ ಮರಿಯ ತಾಯಿ ಹಡೆದ ದಿನವೇ ಸತ್ತಿತು. ಗಾಳೆಮ್ಮ ಮೇಕೆ ಹಾಲನ್ನು ಬಾಟಲಿಗೆ ಹಾಕಿ ಕುಡಿಸಿದಳು, ತನ್ನ ಕಂಬಳಿಯಲ್ಲೇ ಮಲಗಿಸಿದಳು. "ತೋಳಕ್ಕ ಕೊಡೂ ಮರಿ ಬಡಕಲಾಗಿದ್ರ ನಮ್ಮ ಮಾನ ಹೋಗ್ತದಲ್ರಿ ಅಕ್ಕಾರ" ಎಂದು ನನಗೇ ಸಮಜಾಯಿಷಿ ಕೊಟ್ಟಳು. ಆಹಾ, ಎಂಥ ಮಾನ! ಮರಿ ಟಗರಾಯಿತು, ಟಗರು ಸುರುಳಿ ಕೋಡು ಬೆಳೆಸಿತು. ನಮ್ಮ ಅಂಗಡಿಗೆ ನೆಟ್ಟಗೆ ಬಂದು ಚೀಲದ ಮಂಡಾಳಿಗೆ, ಅಂದರೆ ಮಂಡಕ್ಕಿಗೆ, ಬಾಯಿ ಹಾಕಿ, ಬೆದರಿಸಿದರೆ ನನ್ನನ್ನೇ ಮೇಲಿಂದ ಕೆಳಗೆ ನೋಡುವ ಠೀವಿಗೆ ಊರವರು ಅದನ್ನು ಧಣಿ ಎಂದು ಕರೆದರು. ಹೆಸರು ಹತ್ತಿಕೊಂಡಿತು.

ಹಗಲೆಲ್ಲ ಧಣಿ ಬಿಡುಬೀಸಾಗಿ ತಿರುಗುತ್ತಿತ್ತು. ಹೊತ್ತು ಮುಳುಗುವಾಗ ಮಾತ್ರ ಗಾಳೆಮ್ಮ ಆಚೆ ಈಚೆ ನೋಡಿ ಅದನ್ನು ಅಡಿಗೆಮನೆಯೊಳಗೆ ಕಟ್ಟುತ್ತಿದ್ದಳು. ಪಾಪದ ತೋಳ ಏನು ಮಾಡಬೇಕು? ಬೇರೆ ಕುರಿ ಹಿಡಿಯುತ್ತಿತ್ತು. ಆಗ ಗಾಳೆಮ್ಮ ಸೀರೆ ಸೆರಗು ಸಿಕ್ಕಿಸಿ ಅಂಗಳದಲ್ಲಿ ನಿಂತು ಗುಡ್ಡಕ್ಕೆ ಕೇಳುವ ಹಾಗೆ, "ನಿನ್ನ ಪಾಲು ಬಿಟ್ಟು ನನ್ನ ಪಾಲಿಗೆ ಬಾಯಿ ಹಾಕ್ತಿಯೇನೋ ಭಾಡ್ಯಾ!" ಎಂದು ಶುರು ಮಾಡುತ್ತಿದ್ದಳು. ಪಕ್ಕೀರಪ್ಪ ತನ್ನ ಆವತ್ತಿನ ಮಾತುಗಳನ್ನು ಖರ್ಚು ಮಾಡಿ, "ಅದರ ಪಾಲು ನಿನ್ನ ಅಡಗಿಮನ್ಯಾಗ ಐತಲ್ಲೇ. ಅದೇನ್ ಬಾಗ್ಲಾ ಬಡದು ಕೇಳಬೇಕೇನು?" ಅನ್ನುತ್ತಿದ್ದ. ಅವಳು ಕೇಳಿಸದವರ ಹಾಗೆ ಬೈಗುಳ ಮುಂದುವರಿಸುತ್ತಿದ್ದಳು.

ಹೀಗಿರುವಾಗ ತೋಳ ಉಳಿಸುವ ಯೋಜನೆಯವರು ನಮ್ಮೂರಿಗೆ ಬಂದರು. ಶಾಲೆಯಲ್ಲಿ ಸಭೆ ಸೇರಿಸಿದರು. ಕುಷ್ಟಗಿ ಕಡೆಯ ಉಮಾಪತಿ ಎಂಬ ತರುಣ ಅಧಿಕಾರಿ, ಒಳ್ಳೆಯ ಹುಡುಗ, ತೋಳ ಅಳಿವಿನ ಅಂಚಿನಲ್ಲಿದೆ, ಇನ್ನು ಮೇಲೆ ಈ ಗುಡ್ಡ ಅದಕ್ಕೇ ಮೀಸಲು ಎಂದು ತಿಳಿಸಿ ಹೇಳಿದ. ಗಾಳೆಮ್ಮ ಎದ್ದು ನಿಂತಳು.

"ಅಂಚಿನ್ಯಾಗ ಐತೇನ್ರಿ? ಯಾವ ಕಡಿ ಅಂಚು ತೋರಸ್ರಿ ಸಾಹೇಬ್ರ, ಒಂದ್ ಸಲ ನೂಕಿ ಬರ್ತೀನಿ."

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಗದೆ ಉಳಿದವನು ಉಮಾಪತಿ ಒಬ್ಬನೇ. ಅವನಿಗೆ ತೋಳದ ಮೇಲೆ ನಿಜವಾಗಿ ಜೀವವಿತ್ತು.

ಗುಡ್ಡವನ್ನು ಮೊದಲಿನ ಹಾಗೆ ಮಾಡುತ್ತೇವೆಂದು ಯೋಜನೆಯವರು ಅದು ಯಾವತ್ತೂ ಇರದ ಹಾಗೆ ಮಾಡಿದರು. ಸುತ್ತ ತಂತಿ ಬೇಲಿ ಬಂತು. ಹುಲ್ಲು ಅಗೆದು ಗುಂಡಿ ತೋಡಿ ಸಸಿ ನೆಟ್ಟರು. ಸಿಮೆಂಟಿನ ನೀರುತೊಟ್ಟಿ ಕಟ್ಟಿದರು. ಬೇಲಿಯ ಬಾಗಿಲಿಗೆ ಕಮಾನು ಎಬ್ಬಿಸಿ, ಅದರ ಮೇಲೆ ಸಿಮೆಂಟಿನದೇ ಒಂದು ತೋಳ ಕೂಡಿಸಿದರು. ಬಣ್ಣ ಹಚ್ಚಿದವನಿಗೆ ಕೆಂಪು ಉಳಿದಿತ್ತೋ ಏನೋ, ಅದು ಎಲೆ ಅಡಿಕೆ ಜಗಿದು ನಗುವವರ ಹಾಗೆ ಕಾಣುತ್ತಿತ್ತು. ನಾನು ಬಾಯಿ ಬಿಗಿ ಹಿಡಿಯುವವಳಲ್ಲ. ಚಹಾಕ್ಕೆ ಬಂದ ಉಮಾಪತಿಯನ್ನು ಕೇಳಿಯೇ ಬಿಟ್ಟೆ. "ತೋಳ ಹುಲ್ಲಿನ್ಯಾಗ ಇರೂ ಪ್ರಾಣಿ ಅಂತ ನೀವಾ ಹೇಳಿದ್ರಿ. ಮತ್ತ ಹುಲ್ಲು ಕಿತ್ತು ಗಿಡಾ ಯಾಕ ಹಚ್ಚೀರಿ?"

"ನಾನೂ ಅದನ್ನಾ ಬರದು ಕಳಸೀನ್ರಿ ಅಕ್ಕಾರ" ಎಂದು ಅವನು ಮುಖ ಸಣ್ಣದು ಮಾಡಿದ. "ಗಿಡಾ ಹಚ್ಚಿದ್ರ ಮೇಲಿನವ್ರು ಬಂದು ನೀರು ಹಾಕಿ ಉದ್ಘಾಟನಾ ಮಾಡಬಹುದು. ಹುಲ್ಲಿಗೆ ಏನಂತ ಉದ್ಘಾಟನಾ ಮಾಡೂದ್ರಿ?"

ಕುರಿಗಳಿಗೆ ಗುಡ್ಡ ಬಂದ್ ಆಯಿತು. ಗಾಳೆಮ್ಮ, ಪಕ್ಕೀರಪ್ಪ ಹಿಂಡು ಹೊಡೆದುಕೊಂಡು ಹೇಮಗುಡ್ಡದ ಹಾದಿ ಹಿಡಿದು ಗಂಗಾವತಿ ಕಡೆ ಇಳಿದರು. ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿ ನಿಲ್ಲಿಸಿಕೊಂಡು ಆ ಸುಗ್ಗಿ ಕಳೆದರು. ಕಾಲುವೆ ನೀರಿನ ಹಸಿಗೆ ಕುರಿಗಳ ಗೊರಸು ಕೊಳೆತು ಕುಂಟತೊಡಗಿದವು. ಧಣಿಯೂ ಕುಂಟುತ್ತ ಬಂತು. "ಗುಡ್ಡ ಇಲ್ಲಂದ್ರ ನಮ್ಮ ಕುರಿ ಇಲ್ರಿ ಅಕ್ಕಾರ, ಇಷ್ಟಾ" ಎಂದು ಊರಿಗೆ ಬಂದವಳೇ ನನ್ನ ಕಟ್ಟೆಯ ಮೇಲೆ ಕೂತು ಹೇಳಿದಳು. ಅವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಇತ್ತ ಗುಡ್ಡದಲ್ಲಿ ತೋಳವೇ ಇರಲಿಲ್ಲ. ಕಲ್ಲುಗಳಿಗೆ ಕಟ್ಟಿದ ತಾನೇ ಫೋಟೋ ತೆಗೆಯುವ ಕ್ಯಾಮೆರಾಗಳಲ್ಲಿ ಮೊಲ ಸಿಕ್ಕಿತು, ಊರ ನಾಯಿ ಸಿಕ್ಕಿತು, ಬೆಳಿಗ್ಗೆ ಚಂಬು ಹಿಡಿದು ಬೇಲಿ ದಾಟಿದ ನಮ್ಮೂರ ನಾಗೇಶ ಸಿಕ್ಕಿಬಿದ್ದ. ಅವನು ಆ ಫೋಟೋ ಅಳಿಸಿ ಎಂದು ಉಮಾಪತಿಯ ಹಿಂದೆ ಬಿದ್ದು ಊರಿಗೆಲ್ಲ ಸುದ್ದಿ ಮಾಡಿಕೊಂಡ. ತೋಳದ ನೆರಳೂ ಬೀಳಲಿಲ್ಲ. ಕುರಿ ಹೋದ ಕಡೆ ತೋಳ ಹೋಗಿದೆ ಎಂದು ಉಮಾಪತಿ ಅಂದ. ಗಾಳೆಮ್ಮನ ಪ್ರಕಾರ ಅದು ತನ್ನ ಬಾಯಿಯ ಮಹಿಮೆ. "ಇಷ್ಟು ವರ್ಷ ಬೈದದ್ದು ಈಗ ಹತ್ತೇತಿ ನೋಡ್ರಿ" ಎಂದು ಹೇಮಗುಡ್ಡದ ದುರ್ಗಮ್ಮನಿಗೆ ಕಾಯಿ ಕೂಡ ಒಡೆಸಿ ಬಂದಿದ್ದಳು.

ಆ ಸಂತೋಷ ಬಹಳ ದಿನ ಬಾಳಲಿಲ್ಲ. ಪಕ್ಕದ ಗುಡ್ಡವನ್ನು ಆಗಲೇ ಅರ್ಧ ತಿಂದು ಮುಗಿಸಿದ್ದ ಕಲ್ಲುಗಣಿಯವರು, ತೋಳವಿಲ್ಲದ ಗುಡ್ಡಕ್ಕೆ ತೋಳದ ಯೋಜನೆ ಏಕೆ, ನಮಗೆ ಕೊಡಿ ಎಂದು ಅರ್ಜಿ ಹಾಕಿದರು. ಯುಗಾದಿ ಆದ ಮೇಲೆ ಮೇಲಿನವರು ಪರೀಕ್ಷೆಗೆ ಬರುವವರಿದ್ದರು. ಅಷ್ಟರೊಳಗೆ ಒಂದಾದರೂ ತೋಳ ಇರುವುದಕ್ಕೆ ಸಾಕ್ಷಿ ಸಿಗದಿದ್ದರೆ ಗುಡ್ಡಕ್ಕೆ ಸಿಡಿಮದ್ದು ಬೀಳುತ್ತದೆ. ಉಮಾಪತಿ ಗಾಳೆಮ್ಮನನ್ನು ಹುಡುಕಿಕೊಂಡು ನಮ್ಮ ಅಂಗಡಿಗೇ ಬಂದ.

"ಅವ್ವಾರ, ಮೇಲಿನವ್ರಿಗೆ ಕೈಕಾಲು ಹಿಡದು ಒಪ್ಪಿಸೀನಿ. ಬೇಲಿ ಬಾಗ್ಲಾ ತಗಸ್ತೀನಿ. ನಿಮ್ಮ ಹಿಂಡು ಗುಡ್ಡಕ್ಕ ಹೊಡಕೊಂಡ್ ಬರ್ರಿ. ಕುರಿ ಬಂದ್ರ ತೋಳಾ ಬರ್ತಾವ. ತೋಳಾ ಬಂದ್ರ ಗುಡ್ಡಾ ಉಳಿತೈತಿ, ನಿಮ್ಮ ಮೇಯಿಸೂದೂ ಉಳಿತೈತಿ."

ಗಾಳೆಮ್ಮ ಕೇಳಿದಳು. "ಅಂದ್ರ ನಾ ಬೈದು ಓಡಿಸಿದ್ದನ್ನ ನಾನಾ ಕರೀಬೇಕೇನ್ರಿ?"

"ಹೂನ್ರಿ."

ಕುರಿ ಕಾಯಲು ತೋಳನನ್ನು ಇಟ್ಟರಂತೆ ಎಂದು ಗಾದೆ ಕೇಳಿದ್ದೆ. ತೋಳ ಕಾಯಲು ಕುರಿ ಕರೆದದ್ದನ್ನು ಕಣ್ಣಾರೆ ಕಂಡೆ. ಮರುದಿನದಿಂದ ಗಾಳೆಮ್ಮ ಗುಡ್ಡದ ಮೇಲೆ ನಿಂತು, "ಬಾರೋ ನನ್ನಪ್ಪಾ, ಬಾರೋ ನನ್ನ ಬಂಗಾರಾ, ಯಾವ್ ಗದ್ದ್ಯಾಗ ಸಾಯಾಕತ್ತೀಯೋ" ಎಂದು ರಾಗ ಎಳೆಯುವುದು ಅಂಗಡಿವರೆಗೂ ಕೇಳುತ್ತಿತ್ತು. ರೂಢಿ ತಪ್ಪಿದ ನಾಲಿಗೆ, ನಡುನಡುವೆ ಒಂದೊಂದು ಬೈಗುಳ ಜಾರಿ ಬೀಳುತ್ತಿತ್ತು. ಯುಗಾದಿ ಹತ್ತಿರ ಬಂತು, ತೋಳ ಬರಲಿಲ್ಲ.

ಆಗ ಪಕ್ಕೀರಪ್ಪನ ಅಣ್ಣ ದ್ಯಾಮಣ್ಣ, ಆ ಮನೆತನದ ಹಿರಿಯ, ನಮ್ಮ ಅಂಗಡಿ ಮುಂದೆ ಕೂತು ತೀರ್ಪು ಕೊಟ್ಟ. "ತೋಳಾ ಯಾಕ ಬರ್ತೈತಿ? ದಾರಾ ಕಟ್ಟಿ ಕೊಟ್ಟ ಪಾಲನ್ನ ಇಷ್ಟು ವರ್ಷ ಒಳಗ ಕಟಗೊಂಡ್ ಕುಂತೀರಿ. ಅದು ಸಿಟ್ಟಾಗೇತಿ. ಧಣೀನ್ನ ಗುಡ್ಡಕ್ಕ ಬಿಡ್ರಿ."

ನನಗೆ ಮೈ ಉರಿಯಿತು. "ದ್ಯಾಮಣ್ಣಾ, ನಿನ್ನ ಟಗರಾಗಿದ್ರ ಬಿಡ್ತಿದ್ದೇನು?"

"ನಂದು ದಾರಾ ಕಟ್ಟಿದ್ದಲ್ಲಲ್ರಿ ಅಕ್ಕಾರ" ಎಂದು ಅವನು ಆರಾಮಾಗಿ ಬೀಡಿ ಹಚ್ಚಿದ. ಉಳಿದ ಕುರಿಗಾರರು ತಲೆ ಆಡಿಸಿದರು. ಅವರ ಕುರಿಗಳಿಗೂ ಅದೇ ಗುಡ್ಡ. ನಾನು ಗಾಳೆಮ್ಮನ ಮುಖ ನೋಡಿದೆ, ಈಗ ಸಿಡಿಯುತ್ತಾಳೆ ಎಂದುಕೊಂಡೆ. ಅವಳು ಬಗ್ಗಿ ಧಣಿಯ ಕೋಡಿನ ಧೂಳು ಒರೆಸಿದಳು. ಧಣಿ ಅವಳ ಸೆರಗಿನ ತುದಿ ಜಗಿಯುತ್ತ ನಿಂತಿತ್ತು.

ಮರುದಿನ ಸಂಜೆ ಅವಳು ಧಣಿಯನ್ನು ಅಂಗಡಿಗೆ ಕರೆತಂದಳು. ನಾನೇ ಒಂದು ಮೊರದ ತುಂಬ ಮಂಡಾಳು ಸುರಿದೆ. ತಿಂದು ಮುಗಿಸುವ ತನಕ ಅವಳು ಅದರ ಕೊರಳಿನ ಕರಿದಾರವನ್ನು ಬೆರಳಿಂದ ಸವರುತ್ತಿದ್ದಳು. ಆಮೇಲೆ ಇಬ್ಬರೂ ಗುಡ್ಡದ ಕಡೆ ಹೋದರು. ಮಬ್ಬಾಗುವಾಗ ಅವಳೊಬ್ಬಳೇ ಬಂದು ನನ್ನ ಕಟ್ಟೆಯ ಮೇಲೆ ಕುಸಿದಳು.

"ಹಿಂದಾ ಬರಾಕತ್ತಿತ್ರಿ ಅಕ್ಕಾರ. ಹೋಗಂದ್ರ ಹೋಗ್ಲಿಲ್ಲ. ಕಲ್ಲು ಒಗದೆ. ತೋಳಕ್ಕ ಒಗ್ಯೂ ಕಲ್ಲು ನನ್ನ ಧಣಿಗೆ ಒಗದೆ ನೋಡ್ರಿ. ಅದು ನಿಂತು ನನ್ನ ಮಾರಿ ನೋಡ್ತು." ಅಷ್ಟು ಹೇಳಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ನಾನೂ ಅತ್ತೆ. ಆವತ್ತು ಬೈಗುಳ ಕೇಳಿಸಲಿಲ್ಲವಾದ್ದರಿಂದ ಒಳಗೆ ಸಿದ್ದೇಶ ಕತ್ತಲಲ್ಲೇ ಕೂತಿದ್ದ.

ಎರಡು ದಿನ ಬಿಟ್ಟು ಉಮಾಪತಿ ಬೈಕು ನಿಲ್ಲಿಸದೆಯೇ ಕೂಗುತ್ತ ಬಂದ. ನಸುಕಿನಲ್ಲಿ ಕ್ಯಾಮೆರಾ ಹಿಡಿದ ಫೋಟೋ. ಬಡಕಲು ತೋಳ, ಹೊಟ್ಟೆ ಜೋತಿತ್ತು, ಮೊಲೆವಾಲು ತುಂಬಿದ ಹೆಣ್ಣು. ಅದರ ಬಾಯಲ್ಲಿ ಏನಿತ್ತು ಎಂದು ಅವನು ಹೇಳಬೇಕಿರಲಿಲ್ಲ. ಅಂಗಡಿಯಲ್ಲೇ ಇದ್ದ ಗಾಳೆಮ್ಮ ಅವನ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಮರಿ ಅದಾವೇನ್ರಿ ಇದಕ್ಕ?" ಎಂದಳು. ಅದಾವೆ ಎಂದ. "ಹಂಗಾರ ತಿನ್ಲಿ" ಎಂದು ಮೊಬೈಲು ಕೊಟ್ಟು ಎದ್ದು ಹೋದಳು.

ದ್ಯಾಮಣ್ಣ ತನ್ನ ಮಾತು ನಿಜವಾಯಿತೆಂದು ಮೀಸೆ ತಿರುವಿದ. ಉಮಾಪತಿ ತನ್ನ ಲೆಕ್ಕ ಸರಿಯಾಯಿತೆಂದು ಪೇಢೆ ಹಂಚಿದ. ತೋಳಕ್ಕೆ ಹಸಿವಾಗಿತ್ತು ಎಂದು ನಾನು ಅಂದರೆ ಯಾರೂ ಕೇಳಲಿಲ್ಲ. ಏನೇ ಇರಲಿ, ಗಣಿಯವರ ಅರ್ಜಿ ಬಿದ್ದುಹೋಯಿತು, ಗುಡ್ಡ ಉಳಿಯಿತು. ಸಸಿಗಳು ಒಣಗಿದ ಗುಂಡಿಗಳಲ್ಲಿ ಹುಲ್ಲು ತಾನೇ ಬಂತು, ಯಾರೂ ಉದ್ಘಾಟಿಸಲಿಲ್ಲ.

ಕಮಾನಿನ ಪಕ್ಕ ಆ ಫೋಟೋವನ್ನು ಆಳೆತ್ತರ ಮಾಡಿಸಿ ನಿಲ್ಲಿಸಿದ್ದಾರೆ. ನೋಡಲು ಬರುವವರಿಗೆ ಬೇಸರವಾಗಬಾರದೆಂದು ಧಣಿಯನ್ನು ಕತ್ತರಿಸಿ, ತೋಳದ ಮುಖ ಮಾತ್ರ ಉಳಿಸಿಕೊಂಡಿದ್ದಾರೆ. ಅದರ ಹಲ್ಲಿನ ಸಂದಿಯಿಂದ ಒಂದು ಕರಿದಾರ ಜೋತಾಡುತ್ತದೆ. ಕೊಪ್ಪಳದಿಂದ ಬಂದವರು ಇದೇನು ಎಂದು ಕೇಳಿದರೆ ಕಾವಲಿನವನು ಹುಲ್ಲುಕಡ್ಡಿ ಎಂದು ಹೇಳುತ್ತಾನೆ.

ಬೋರ್ಡಿಗೆಲ್ಲ ಕೆಂಧೂಳು ಹಿಡಿದಿದೆ, ತೋಳದ ಬಾಯಿಯ ಹತ್ತಿರ ಮಾತ್ರ ಫಳಫಳ. ಗಾಳೆಮ್ಮ ದಿನಾ ಹಿಂಡಿನ ಹಿಂದೆ ಹೋಗುವಾಗ ಅಷ್ಟು ಜಾಗವನ್ನು ಸೆರಗಿನಿಂದ ಒರೆಸುತ್ತಾಳೆ. ಮೇಲಿನವರೊಬ್ಬರು ಅದನ್ನು ಕಂಡು, ಒಂದು ಕಾಲಕ್ಕೆ ತೋಳಕ್ಕೆ ಶಾಪ ಹಾಕುತ್ತಿದ್ದ ಹೆಣ್ಣುಮಗಳು ಈಗ ಅದರ ಮುಖ ಒರೆಸುತ್ತಾಳೆ, ನಮ್ಮ ಯೋಜನೆಯ ನಿಜವಾದ ಗೆಲುವು ಇದೇ ಎಂದು ಭಾಷಣ ಮಾಡಿ ಶಾಲು ಹೊದಿಸಿದರು. ಗಾಳೆಮ್ಮ ಶಾಲು ಮಡಚಿ ಕಂಕುಳಿಗೆ ಸಿಕ್ಕಿಸಿ ಹಿಂಡಿನ ಹಿಂದೆ ನಡೆದಳು. ಉಮಾಪತಿ ನೆಲ ನೋಡುತ್ತಿದ್ದ.

ಈ ದೀಪಾವಳಿ ಮುಗಿದ ಮೇಲೆ ಮೊದಲ ಮರಿ ಹುಟ್ಟಿತು, ಹೆಣ್ಣು. ದ್ಯಾಮಣ್ಣನೇ ಮುಂದೆ ನಿಂತು ದಾರ ಕಟ್ಟಿಸಿದ. "ಈ ಸಲ ಹೆಸರಿಡಂಗಿಲ್ಲ, ಹಾಲು ಕುಡಸಂಗಿಲ್ಲ, ಮುಟ್ಟಂಗಿಲ್ಲ" ಎಂದು ಗಾಳೆಮ್ಮ ಎಲ್ಲರ ಮುಂದೆ ದುರ್ಗಮ್ಮನ ಆಣೆ ಮಾಡಿದಳು. ಮೊನ್ನೆ ಸಂಜೆ ಉಮಾಪತಿ ಚಹಾಕ್ಕೆ ಬಂದವನು ಮೆಲ್ಲಗೆ ಕೇಳಿದ.

"ಅಕ್ಕಾರ, ಗಾಳೆಮ್ಮಾರು ಈ ವರ್ಷದ ಪಾಲು ಗುಡ್ಡಕ್ಕ ಬಿಟ್ಟಾರೇನ್ರಿ?"

"ಬಿಟ್ಟಾಳ್ರಿ. ಅಲ್ಲೇ ಎಲ್ಲ್ಯೋ ಮೇಯಾಕತ್ತಿರಬೇಕು" ಎಂದೆ.

ಒಳಕೋಣೆಯಲ್ಲಿ ಮಂಡಾಳಿನ ಚೀಲ ಸರಬರ ಅಂದಿತು. ಉಮಾಪತಿ ಆ ಕಡೆ ನೋಡಿದ, ನನ್ನ ಕಡೆ ನೋಡಿದ, ಚಹಾ ಮುಗಿಸಿ ಎದ್ದ. "ಇಲಿ ಭಾಳ ಆಗ್ಯಾವ ಅನಸ್ತದ, ಬಾಗ್ಲಾ ಗಟ್ಟಿ ಹಾಕ್ಕೋರಿ" ಎಂದು ಹೇಳಿ ಬೈಕು ಹತ್ತಿದ. ಅಷ್ಟೊತ್ತಿಗೆ ಗುಡ್ಡದ ಕಡೆಯಿಂದ, "ನಿನ್ ಬಾಯಾಗ ಮಣ್ಣ ಬೀಳ್ಲಿ! ನಿನ್ನ ಪಾಲು ಬಿಟ್ಟು ನನ್ನ ಪಾಲಿಗೆ ಬರ್ತಿಯೇನೋ!" ಎಂಬ ದನಿ ಇಳಿದು ಬಂತು. ಸಿದ್ದೇಶ ದೀಪ ಹಚ್ಚಲು ಎದ್ದ. ನಾನು ಒಳಗೆ ಹೋಗಿ ಕರಿದಾರದ ಮೇಡಂಗೆ ಇನ್ನೊಂದು ಹಿಡಿ ಮಂಡಾಳು ಹಾಕಿ ಚಿಲಕ ಹಾಕಿದೆ.